1 ಪರ್ಸೆಂಟ್, 36 ಸೆಂಟ್: ಟೀನಾ ಟರ್ನರ್ ಅತಿಥಿಯಾಗಿ ಹಾಡಿದ ಒಂದು ಆಲ್ಬಮ್‌ನ ಕಥೆ

ಮೊದಲಿಗೆ ಒಂದು ಸಣ್ಣ ಕೆಲಸ. ನಿಮ್ಮ ಫೋನಿನಲ್ಲಿರೋ ಮ್ಯೂಸಿಕ್ ಆ್ಯಪ್ ತೆಗೆದು ಯಾವುದಾದರೂ ಹೊಸ ಡಾನ್ಸ್ ಹಾಡಿನ ಹೆಸರು ನೋಡಿ. ಮೊದಲು ಒಬ್ಬ ಪ್ರೊಡ್ಯೂಸರ್ ಹೆಸರು ಇರುತ್ತೆ. ಆಮೇಲೆ ‘ಫೀಚರಿಂಗ್’ ಅನ್ನೋ ಪದ. ಅದರ ಪಕ್ಕದಲ್ಲಿ ಹಾಡಿದವರ ಹೆಸರು. ಸಂಗೀತ ಕಟ್ಟಿದವರು ಮನೆಯವರು, ಹಾಡಿದವರು ಅತಿಥಿ. ಈ ಲೆಕ್ಕ ಇವತ್ತು ನಮಗೆ ಎಷ್ಟು ರೂಢಿ ಆಗಿದೆ ಅಂದ್ರೆ, ಯಾರೂ ಪ್ರಶ್ನೆನೇ ಮಾಡಲ್ಲ.

ಇವತ್ತು ನಾನು ಹೇಳೋದು ಈ ಲೆಕ್ಕದ ಒಂದು ಹಳೆಯ ಪುಟ. 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಒಂದು ಆಲ್ಬಮ್. ಹೆಸರು ಉದ್ದ ಇದೆ: ‘ಮ್ಯೂಸಿಕ್ ಆಫ್ ಕ್ವಾಲಿಟಿ ಅಂಡ್ ಡಿಸ್ಟಿಂಕ್ಷನ್, ವಾಲ್ಯೂಮ್ ಒನ್’. ಮಾಡಿದವರು ಸಿಂಥಸೈಜರ್ ನಂಬಿಕೊಂಡಿದ್ದ ಇಬ್ಬರು ಹುಡುಗರು. ಹಾಡಿದವರು ಬೇರೆ ಬೇರೆ ಅತಿಥಿಗಳು. ಆಲ್ಬಮ್ ದೊಡ್ಡ ಹಿಟ್ ಏನೂ ಆಗಲಿಲ್ಲ. ಆದರೆ ಅದರ ಒಂದು ಹಾಡಿನಿಂದ ಶುರುವಾದ ಪರಿಚಯ, ಎರಡು ವರ್ಷದಲ್ಲಿ, ‘ಇವರ ಕಾಲ ಮುಗೀತು’ ಅಂತ ಎಲ್ಲರೂ ಕೈಬಿಟ್ಟಿದ್ದ ಒಬ್ಬ ಗಾಯಕಿಯನ್ನ ಜಗತ್ತಿನ ತುದಿಗೆ ತಂದು ನಿಲ್ಲಿಸಿತು. ಆ ಗಾಯಕಿ ಟೀನಾ ಟರ್ನರ್.

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಈ ಕಥೆಯಲ್ಲಿ ಸಂಗೀತದಷ್ಟೇ ಇಷ್ಟ ಆಗೋದು ಇದರ ಲೆಕ್ಕಾಚಾರ. ಅದರಲ್ಲೂ ಒಂದೇ ಒಂದು ಆಸ್ತಿಯ ಲೆಕ್ಕ: ಹೆಸರು. ಒಂದು ಕಡೆ, ತಮ್ಮ ಬ್ಯಾಂಡಿನ ಹೆಸರನ್ನ ಬಿಟ್ಟುಕೊಟ್ಟು ಹೊರಗೆ ಬಂದವರು. ಇನ್ನೊಂದು ಕಡೆ, ಬೇರೆಲ್ಲಾ ಬಿಟ್ಟು ಬರೀ ಹೆಸರನ್ನ ಉಳಿಸಿಕೊಂಡು ಹೊರಗೆ ಬಂದವರು. ಇವರು ಒಂದು ಸ್ಟುಡಿಯೋದಲ್ಲಿ ಸೇರಿದಾಗ ಆಗಿದ್ದೇ ಇವತ್ತಿನ ಕಥೆ.

ಶೆಫೀಲ್ಡ್‌ನ ಹುಡುಗರು

ಶೆಫೀಲ್ಡ್ ಅಂದ್ರೆ ಇಂಗ್ಲೆಂಡಿನ ಉತ್ತರದ ಉಕ್ಕಿನ ಊರು. ನಮ್ಮ ಭದ್ರಾವತಿಯನ್ನ ಹತ್ತಾರು ಪಟ್ಟು ದೊಡ್ಡದು ಮಾಡಿ ನೋಡಿ. ಚಾಕು, ಚಮಚದಿಂದ ಹಿಡಿದು ದೊಡ್ಡ ಯಂತ್ರದ ಭಾಗಗಳ ತನಕ ಎಲ್ಲಾ ಅಲ್ಲಿ ತಯಾರಾಗ್ತಿತ್ತು. 1970ರ ದಶಕದ ಕೊನೆಗೆ ಆ ಕಾರ್ಖಾನೆಗಳು ಒಂದೊಂದಾಗಿ ಸೊರಗ್ತಾ ಇದ್ದವು. 1980ರ ಆರಂಭದಲ್ಲಿ ದೇಶದಾದ್ಯಂತ ಉಕ್ಕು ಕಾರ್ಮಿಕರು ಮೂರು ತಿಂಗಳು ಮುಷ್ಕರ ಹೂಡಿದ್ದರು. ಅಪ್ಪ ಹೋದ ಫ್ಯಾಕ್ಟರಿಗೇ ಮಗನೂ ಹೋಗ್ತಾನೆ ಅನ್ನೋ ಗ್ಯಾರಂಟಿ ಮುಗಿದಿತ್ತು.

ಆ ಊರಲ್ಲಿ ಮೀಟ್‌ವಿಸಲ್ ಅಂತ ಒಂದು ಜಾಗ ಇತ್ತು. ನಗರಸಭೆಯ ದುಡ್ಡಿನಲ್ಲಿ ನಡೀತಿದ್ದ ಯುವಕರ ರಂಗಕೇಂದ್ರ. ನಾಟಕ ಮಾಡಿ, ವಿಡಿಯೋ ಮಾಡಿ, ಗಲಾಟೆ ಮಾಡಿ, ಏನಾದರೂ ಮಾಡಿ ಅಂತ ಹದಿಹರೆಯದವರಿಗೆ ಬಿಟ್ಟಿದ್ದ ಜಾಗ. ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಶ್, ಗ್ಲೆನ್ ಗ್ರೆಗರಿ ಇವರೆಲ್ಲಾ ಒಬ್ಬರಿಗೊಬ್ಬರು ಸಿಕ್ಕಿದ್ದು ಅಲ್ಲೇ. ವೇರ್ ಮತ್ತು ಮಾರ್ಶ್ ಇಬ್ಬರೂ ಕಂಪ್ಯೂಟರ್ ಆಪರೇಟರ್ ಕೆಲಸದಲ್ಲಿದ್ದರು. ಸಂಬಳದ ದುಡ್ಡಲ್ಲಿ ಸಿಂಥಸೈಜರ್ ತಗೊಂಡರು. 1977ರಲ್ಲಿ, ಆಸ್ಪತ್ರೆಯಲ್ಲಿ ಪೋರ್ಟರ್ ಆಗಿದ್ದ ಫಿಲ್ ಓಕಿಯನ್ನ ಹಾಡೋಕೆ ಕರೆದುಕೊಂಡು ಹ್ಯೂಮನ್ ಲೀಗ್ ಅನ್ನೋ ಬ್ಯಾಂಡ್ ಶುರು ಮಾಡಿದರು. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಬರೀ ಯಂತ್ರ ಮತ್ತು ದನಿ. 1978ರಲ್ಲಿ ಮೊದಲ ಸಿಂಗಲ್ ಬಂತು. 1979ರಲ್ಲಿ ವರ್ಜಿನ್ ಕಂಪನಿ ಸಹಿ ಹಾಕಿಸಿಕೊಂಡಿತು. ಎರಡು ಆಲ್ಬಮ್ ಬಂದವು, ದೊಡ್ಡ ಯಶಸ್ಸು ಬರಲಿಲ್ಲ. 1980ರ ಕೊನೆಗೆ ಬ್ಯಾಂಡ್ ಒಡೆಯಿತು.

ಇಲ್ಲಿ ನಮ್ಮ ಲೆಕ್ಕ ಶುರು. ಪಿಯುಸಿಯಲ್ಲಿ ಕಾಮರ್ಸ್ ತಗೊಂಡವರಿಗೆ ನೆನಪಿರುತ್ತೆ, ‘ರಿಟೈರ್‌ಮೆಂಟ್ ಆಫ್ ಎ ಪಾರ್ಟ್‌ನರ್’ ಅಂತ ಒಂದು ಪಾಠ. ಪಾಲುದಾರನೊಬ್ಬ ಫರ್ಮ್ ಬಿಟ್ಟು ಹೋಗುವಾಗ ಮೇಜು, ಕುರ್ಚಿ, ಬ್ಯಾಂಕ್ ಬ್ಯಾಲೆನ್ಸ್ ಹಂಚಿದರೆ ಸಾಲದು. ಗುಡ್‌ವಿಲ್ ಅಂತ ಒಂದಿರುತ್ತೆ. ಅಂಗಡಿಯ ಹೆಸರಿಗೆ ಇರೋ ಬೆಲೆ ಅದು. ಕೈಯಲ್ಲಿ ಹಿಡಿಯೋಕೆ ಆಗಲ್ಲ, ಆದರೂ ಆಸ್ತಿ. ಹೆಸರನ್ನ ಇಟ್ಟುಕೊಳ್ಳೋರು ಬಿಟ್ಟುಹೋಗೋರಿಗೆ ಅದರ ಪಾಲು ಕೊಡಬೇಕು.

ಹ್ಯೂಮನ್ ಲೀಗ್ ಒಡೆದಾಗ ಹೆಸರು ಓಕಿ ಕಡೆ ಹೋಯಿತು. ಹೆಸರಿನ ಜೊತೆಗೆ ಸಾಲ ಮತ್ತು ಆಗಲೇ ಒಪ್ಪಿಕೊಂಡಿದ್ದ ಟೂರ್ ಕೂಡ ಅವರ ತಲೆ ಮೇಲೆ ಬಂತು. ಬ್ಯಾಂಡ್ ಹುಟ್ಟುಹಾಕಿದ್ದ ವೇರ್, ಮಾರ್ಶ್ ಹೊರಗೆ ನಡೆದರು. ಹೆಸರು ಬಿಟ್ಟಿದ್ದಕ್ಕೆ ಪ್ರತಿಯಾಗಿ ಹ್ಯೂಮನ್ ಲೀಗ್‌ನ ಮುಂದಿನ ಆಲ್ಬಮ್‌ನ ರಾಯಲ್ಟಿಯಲ್ಲಿ 1 ಪರ್ಸೆಂಟ್ ಅಂತ ಒಪ್ಪಂದ ಆಯಿತು.

ಆ ಮುಂದಿನ ಆಲ್ಬಮ್ ಯಾವುದು ಗೊತ್ತಾ? ‘ಡೇರ್’. ಓಕಿ ಶೆಫೀಲ್ಡ್‌ನ ಒಂದು ನೈಟ್‌ಕ್ಲಬ್‌ನಲ್ಲಿ ಡಾನ್ಸ್ ಮಾಡ್ತಿದ್ದ ಇಬ್ಬರು ಶಾಲೆ ಹುಡುಗಿಯರನ್ನ ಸೇರಿಸಿಕೊಂಡು, ಹೊಸ ತಂಡ ಕಟ್ಟಿ, 1981ರ ಅಕ್ಟೋಬರ್‌ನಲ್ಲಿ ತಂದ ಆಲ್ಬಮ್. ಅದರ ‘ಡೋಂಟ್ ಯು ವಾಂಟ್ ಮಿ’ ಹಾಡು ಆ ವರ್ಷದ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ನಂಬರ್ ಒನ್, ಮುಂದಿನ ವರ್ಷ ಅಮೆರಿಕದಲ್ಲೂ ನಂಬರ್ ಒನ್. ಬಿಟ್ಟುಬಂದ ಮನೆ ಅರಮನೆ ಆಗಿಹೋಯಿತು. ಹೊರಗಿದ್ದವರ ಕೈಯಲ್ಲಿ ಇದ್ದಿದ್ದು 1 ಪರ್ಸೆಂಟ್.

ಕಂಪನಿ ಅನ್ನೋ ಬ್ಯಾಂಡ್

ವೇರ್, ಮಾರ್ಶ್ ಸುಮ್ಮನೆ ಕೂರಲಿಲ್ಲ. ಮತ್ತೊಂದು ಬ್ಯಾಂಡ್ ಮಾಡೋದರ ಬದಲು ಒಂದು ಪ್ರೊಡಕ್ಷನ್ ಕಂಪನಿ ಮಾಡಿದರು. ಹೆಸರು ಬ್ರಿಟಿಷ್ ಎಲೆಕ್ಟ್ರಿಕ್ ಫೌಂಡೇಶನ್, ಚಿಕ್ಕದಾಗಿ ಬಿಇಎಫ್. ಕೇಳಿದರೆ ಯಾವುದೋ ಸರ್ಕಾರಿ ವಿದ್ಯುತ್ ಮಂಡಳಿ ಥರ ಇದೆ ಅಲ್ವಾ? ಅದು ಬೇಕಂತಲೇ ಇಟ್ಟ ಹೆಸರು. ಈ ಕಂಪನಿ ಕೆಳಗೆ ಬೇರೆ ಬೇರೆ ಪ್ರಾಜೆಕ್ಟ್ ಮಾಡೋಣ, ಪ್ರತಿಯೊಂದಕ್ಕೂ ಬೇಕಾದ ದನಿ ಹೊರಗಿನಿಂದ ತರೋಣ ಅನ್ನೋದು ಲೆಕ್ಕ.

ಇವರ ಮೊದಲ ಸರಕು 1981ರ ‘ಮ್ಯೂಸಿಕ್ ಫಾರ್ ಸ್ಟೋವಾವೇಸ್’. ಹಾಡು ಇಲ್ಲದ ಬರೀ ಸಂಗೀತ, ಅದೂ ಕ್ಯಾಸೆಟ್‌ನಲ್ಲಿ ಮಾತ್ರ. ಸೋನಿ ವಾಕ್‌ಮನ್ ಗೊತ್ತಲ್ಲ? ಅದನ್ನ ಬ್ರಿಟನ್‌ನಲ್ಲಿ ಮೊದಲು ಮಾರಿದ್ದು ‘ಸ್ಟೋವಾವೇ’ ಅನ್ನೋ ಹೆಸರಲ್ಲಿ. ಅಂದ್ರೆ ಇದು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಬೀದೀಲಿ ನಡೆಯೋರಿಗೆ ಅಂತಲೇ ಮಾಡಿದ ಸಂಗೀತ. ಈಗ ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡಿರೋ ನಿಮ್ಮ ಅಜ್ಜ-ಅಜ್ಜಿ ಕಾಲದ ಸರಕು ಅನ್ನಿ.

ಎರಡನೇ ಪ್ರಾಜೆಕ್ಟ್ ಹೆವೆನ್ ಸೆವೆಂಟೀನ್ ಅನ್ನೋ ಬ್ಯಾಂಡ್. ಹಾಡೋಕೆ ಮೀಟ್‌ವಿಸಲ್‌ನ ಹಳೇ ಗೆಳೆಯ ಗ್ಲೆನ್ ಗ್ರೆಗರಿ. 1981ರ ಇವರ ಆಲ್ಬಮ್ ‘ಪೆಂಟ್‌ಹೌಸ್ ಅಂಡ್ ಪೇವ್‌ಮೆಂಟ್’ ಮುಖಪುಟದಲ್ಲಿ ಮೂವರೂ ಸೂಟ್ ಹಾಕ್ಕೊಂಡು, ಕೈ ಕುಲುಕುತ್ತಾ, ಫೋನಿನಲ್ಲಿ ಮಾತಾಡ್ತಾ, ಅಪ್ಪಟ ಕಂಪನಿ ಜಾಹೀರಾತಿನ ಥರ ನಿಂತಿದ್ದಾರೆ. ರಾಕ್ ಬ್ಯಾಂಡ್‌ಗಳು ‘ನಾವು ದುಡ್ಡಿಗಾಗಿ ಹಾಡಲ್ಲ’ ಅಂತ ನಟಿಸ್ತಿದ್ದ ಕಾಲದಲ್ಲಿ, ‘ಇದೂ ಒಂದು ವ್ಯಾಪಾರವೇ’ ಅಂತ ಇವರು ನೇರವಾಗಿ ಹೇಳಿ, ಅದನ್ನೇ ಲೇವಡಿಯೂ ಮಾಡಿದರು.

ಮೂರನೆಯದೇ ನಮ್ಮ ಆಲ್ಬಮ್. ಹತ್ತು ಹಾಡು. ಎಲ್ಲಾ 60ರ, 70ರ ದಶಕದ ಹಳೇ ಹಾಡುಗಳು. ಸಂಗೀತ ಹೊಸದಾಗಿ ಬಿಇಎಫ್ ಕಟ್ಟಬೇಕು, ಹಾಡೋಕೆ ಅತಿಥಿಗಳು ಬರಬೇಕು, ಮತ್ತು ಪ್ರತಿ ಹಾಡಿನ ಜೊತೆ ಹಾಡಿದವರ ಹೆಸರು ಇರಬೇಕು.

ನಮಗೆ ಇದರಲ್ಲಿ ವಿಶೇಷ ಏನೂ ಕಾಣಲ್ಲ. ಯಾಕೆ ಅಂದ್ರೆ ನಮ್ಮ ಸಿನಿಮಾ ಕ್ಯಾಸೆಟ್‌ಗಳೆಲ್ಲಾ ಹೀಗೇ. 1987ರ ‘ಪ್ರೇಮಲೋಕ’ ತಗೊಳ್ಳಿ. ಸಂಗೀತ, ಸಾಹಿತ್ಯ ಹಂಸಲೇಖ. ಹಾಡಿದ್ದು ಯೇಸುದಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ. ಒಬ್ಬ ಸಂಗೀತ ನಿರ್ದೇಶಕ, ಹಲವು ದನಿ. ನಮಗೆ ಇದು ಅನ್ನ-ಸಾರಿನಷ್ಟು ಸಹಜ. ಆದರೆ ಇಂಗ್ಲೆಂಡಿನ ಪಾಪ್ ಲೋಕದಲ್ಲಿ ಬ್ಯಾಂಡ್ ಅಂದ್ರೆ ಅದರ ಗಾಯಕ. ಜನ ದುಡ್ಡು ಕೊಡ್ತಿದ್ದಿದ್ದು ಆ ಮುಖಕ್ಕೆ. ಸಂಗೀತ ಕೂಡಿಸೋರು ಮಾಲೀಕರು, ಗಾಯಕರು ಬಂದುಹೋಗೋರು ಅನ್ನೋ ಒಂದು ಇಡೀ ಆಲ್ಬಮ್ ಅಲ್ಲಿ ವಿಚಿತ್ರವಾಗಿ ಕಂಡಿತು.

ಅತಿಥಿಗಳ ಪಟ್ಟಿ ನೋಡಿದರೆ ಇನ್ನೊಂದು ವಿಷಯ ಗಮನಕ್ಕೆ ಬರುತ್ತೆ. ಸ್ಯಾಂಡಿ ಶಾ ಇದ್ದರು. 1967ರಲ್ಲಿ ಬರಿಗಾಲಲ್ಲಿ ನಿಂತು ಹಾಡಿ ಬ್ರಿಟನ್‌ಗೆ ಮೊದಲ ಯೂರೋವಿಷನ್ ಗೆಲುವು ತಂದವರು. 1982ರ ಹೊತ್ತಿಗೆ ಅವರು ಸುದ್ದಿಯಲ್ಲೇ ಇರಲಿಲ್ಲ. ಪಾಲ್ ಜೋನ್ಸ್ ಇದ್ದರು, 60ರ ದಶಕದ ಮ್ಯಾನ್‌ಫ್ರೆಡ್ ಮ್ಯಾನ್ ಬ್ಯಾಂಡಿನ ಗಾಯಕ. ಗ್ಯಾರಿ ಗ್ಲಿಟರ್ ಇದ್ದ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಈತ ಮುಂದೆ ಜೈಲಿಗೆ ಹೋದ, ಹಾಗಾಗಿ ಆ ಹಾಡನ್ನ ನಾನು ಸ್ಕಿಪ್ ಮಾಡ್ತೀನಿ. ಆ ಕಾಲಕ್ಕೆ ಹೊಸ ದನಿ ಅಂದ್ರೆ ಡಂಡೀ ಊರಿನ ಬಿಲ್ಲಿ ಮೆಕೆಂಜಿ. ಅಸೋಸಿಯೇಟ್ಸ್ ಬ್ಯಾಂಡಿನವರು, ಗಂಟಲಲ್ಲಿ ಎಷ್ಟು ಮಹಡಿ ಇದೆಯೋ ಅನ್ನೋ ಹಾಗೆ ಮೇಲೇರೋ ದನಿ. ಉಳಿದವರಲ್ಲಿ ಹೆಚ್ಚಿನವರು ಮಾರುಕಟ್ಟೆ ಮರೆತಿದ್ದವರು. ಇಪ್ಪತ್ತರ ಹರೆಯದ ಪ್ರೊಡ್ಯೂಸರ್‌ಗಳು ತಮ್ಮ ಬಾಲ್ಯದಲ್ಲಿ ರೇಡಿಯೋದಲ್ಲಿ ಕೇಳಿದ ದನಿಗಳನ್ನ ಹುಡುಕಿ ಹುಡುಕಿ ಕರೆದಿದ್ದರು.

ಬರಬೇಕಾಗಿದ್ದವರು ಬರಲಿಲ್ಲ

ಒಂದು ಹಾಡು ‘ಬಾಲ್ ಆಫ್ ಕನ್‌ಫ್ಯೂಷನ್’. 1970ರಲ್ಲಿ ಅಮೆರಿಕದ ಟೆಂಪ್ಟೇಷನ್ಸ್ ತಂಡ ಹಾಡಿದ್ದು, ಬರೆದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್. ಯುದ್ಧ, ವರ್ಣಭೇದ, ಡ್ರಗ್ಸ್, ತೆರಿಗೆ, ನಿರುದ್ಯೋಗ, ಎಲ್ಲಾ ಒಂದೇ ಉಸಿರಿನಲ್ಲಿ ಎಣಿಸೋ ಹಾಡು. ಕಾರ್ಖಾನೆ ಮುಚ್ಚುತ್ತಿದ್ದ ಶೆಫೀಲ್ಡ್‌ನವರಿಗೆ ಅದು ಹನ್ನೆರಡು ವರ್ಷದ ಹಿಂದಿನ ಹಾಡು ಅನ್ನಿಸಿರಲಿಕ್ಕಿಲ್ಲ.

ಇದನ್ನ ಹಾಡೋಕೆ ಅವರ ಮೊದಲ ಆಯ್ಕೆ ಸೋಲ್ ಸಂಗೀತದ ದೊಡ್ಡಪ್ಪ ಜೇಮ್ಸ್ ಬ್ರೌನ್. ಮಾತುಕತೆಯೂ ಆಯಿತು. ಆದರೆ, ಮಾರ್ಟಿನ್ ವೇರ್ ಸಂದರ್ಶನಗಳಲ್ಲಿ ಹೇಳಿಕೊಂಡಿರೋ ಪ್ರಕಾರ, ಕೊನೇ ಗಳಿಗೆಯಲ್ಲಿ ಬ್ರೌನ್ ಕಡೆಯ ವಕೀಲರು ಒಂದು ಷರತ್ತು ಇಟ್ಟರು: ಅವರು ಹಾಡೋ ಹಾಡಿಗೆ ಮಾತ್ರ ಅಲ್ಲ, ಇಡೀ ಆಲ್ಬಮ್ ಮೇಲೆ ರಾಯಲ್ಟಿ ಬೇಕು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳೇ ಹಾಡನ್ನ ಮತ್ತೆ ಹಾಡಿದಾಗ ದುಡ್ಡು ಎರಡು ಕೊಳವೆಯಲ್ಲಿ ಹರಿಯುತ್ತೆ. ಒಂದು, ಹಾಡು ಬರೆದವರಿಗೆ. ಈ ಆಲ್ಬಮ್‌ನಲ್ಲಿ ಎಲ್ಲಾ ಬೇರೆಯವರ ಹಾಡುಗಳೇ, ಹಾಗಾಗಿ ಬಿಇಎಫ್‌ನವರಿಗೆ ಈ ಕೊಳವೆಯಲ್ಲಿ ಏನೂ ಇಲ್ಲ. ಎರಡು, ಹೊಸ ರೆಕಾರ್ಡಿಂಗ್ ಮಾರಾಟದಿಂದ ಬರೋದು. ಅದರಲ್ಲಿ ರೆಕಾರ್ಡ್ ಕಂಪನಿ ತನ್ನ ದೊಡ್ಡ ಪಾಲು ತಗೊಂಡ ಮೇಲೆ ಕಲಾವಿದರಿಗೆ ಸಿಗೋದು ಕೆಲವೇ ‘ಪಾಯಿಂಟ್’. ಒಂದು ಪಾಯಿಂಟ್ ಅಂದ್ರೆ ಒಂದು ಪರ್ಸೆಂಟ್. ಆ ಕೆಲವೇ ಪಾಯಿಂಟ್‌ಗಳಲ್ಲಿ ಪ್ರೊಡ್ಯೂಸರ್‌ಗಳು ಮತ್ತು ಅಷ್ಟೂ ಅತಿಥಿಗಳು ಹಂಚಿಕೊಳ್ಳಬೇಕು. ಮದುವೆ ಮನೆಗೆ ಬಂದ ಒಬ್ಬ ಅತಿಥಿ, ತನ್ನ ಎಲೆಯ ಊಟದ ಜೊತೆಗೆ ಎಲ್ಲರ ಎಲೆಯಿಂದಲೂ ಒಂದೊಂದು ಹೋಳಿಗೆ ಕೇಳಿದರೆ ಹೇಗೆ? ಬ್ರೌನ್ ಬರಲಿಲ್ಲ.

ಆದರೆ ಬ್ರೌನ್ ಕಡೆಯ ವಾದವನ್ನ ನಾನು ಪೂರ್ತಿ ತಳ್ಳಿಹಾಕಲ್ಲ. ಜನ ಆಲ್ಬಮ್ ಕೊಳ್ಳೋದೇ ದೊಡ್ಡ ಹೆಸರು ನೋಡಿ ಅಂದ್ರೆ, ಇಡೀ ಆಲ್ಬಮ್ ಮಾರಾಟಕ್ಕೆ ಆ ಹೆಸರೂ ಕಾರಣ ತಾನೇ? ಇದೇ ಜಗಳ ಇವತ್ತೂ ನಡೀತಿದೆ, ವೇದಿಕೆ ಮಾತ್ರ ಬೇರೆ. ಅದಿರಲಿ. ಆ ಖಾಲಿ ಜಾಗಕ್ಕೆ ಒಂದು ಹೆಸರು ಬಂತು: ಟೀನಾ ಟರ್ನರ್.

36 ಸೆಂಟ್ ಮತ್ತು ಒಂದು ಹೆಸರು

ಟೀನಾ ಟರ್ನರ್ ಹುಟ್ಟುಹೆಸರು ಆನಾ ಮೇ ಬುಲಕ್. 1939ರ ನವೆಂಬರ್ 26ರಂದು ಅಮೆರಿಕದ ಟೆನೆಸಿ ರಾಜ್ಯದ ನಟ್‌ಬುಷ್ ಅನ್ನೋ ಹಳ್ಳಿ ಕಡೆ ಹುಟ್ಟಿದವರು, ಹತ್ತಿ ಹೊಲದ ಪ್ರದೇಶ. 1960ರಲ್ಲಿ ಐಕ್ ಟರ್ನರ್ ಅನ್ನೋ ಸಂಗೀತಗಾರನ ತಂಡದಲ್ಲಿ ಒಂದು ರೆಕಾರ್ಡಿಂಗ್ ಇತ್ತು. ಹಾಡಬೇಕಾಗಿದ್ದ ಗಾಯಕ ಬರಲಿಲ್ಲ. ಸ್ಟುಡಿಯೋ ಸಮಯ ಹಾಳಾಗೋದು ಬೇಡ, ಸದ್ಯಕ್ಕೆ ಟ್ರ್ಯಾಕ್ ಹಾಡಿಬಿಡು ಅಂತ ಈ ಹುಡುಗಿಗೆ ಕೊಟ್ಟರು. ಆ ಹಾಡೇ ‘ಎ ಫೂಲ್ ಇನ್ ಲವ್’, ಹಿಟ್ ಆಯಿತು. ಗಮನಿಸಿ: ಬರಬೇಕಾಗಿದ್ದ ಗಂಡಸು ಬರದೇ ಇದ್ದಾಗ ಅವರ ಜಾಗಕ್ಕೆ ಬಂದು ಹಾಡಿದ್ದು ಇವರಿಗೆ 1982ರಲ್ಲಿ ಮೊದಲೇನಲ್ಲ.

‘ಟೀನಾ ಟರ್ನರ್’ ಅನ್ನೋ ಹೆಸರು ಇಟ್ಟಿದ್ದು ಐಕ್. ಅವರನ್ನ ಕೇಳಿ ಇಟ್ಟಿದ್ದಲ್ಲ. ಅಷ್ಟೇ ಅಲ್ಲ, ಆ ಹೆಸರನ್ನ ಆತ ತನ್ನ ಸ್ವತ್ತಾಗಿ ನೋಂದಾಯಿಸಿಕೊಂಡಿದ್ದ. ಈ ಹುಡುಗಿ ಬಿಟ್ಟುಹೋದರೆ ಇನ್ನೊಬ್ಬಳನ್ನ ತಂದು ‘ಟೀನಾ’ ಅಂತ ನಿಲ್ಲಿಸಬಹುದು ಅನ್ನೋ ಲೆಕ್ಕ. ಒಬ್ಬ ಮನುಷ್ಯಳ ಹೆಸರು, ಇನ್ನೊಬ್ಬನ ಅಂಗಡಿಯ ಬೋರ್ಡ್.

ಮುಂದೆ ಹದಿನಾರು ವರ್ಷ ‘ಐಕ್ ಅಂಡ್ ಟೀನಾ’ ಹೆಸರಲ್ಲಿ ಹಾಡಿದರು. ಮದುವೆಯೂ ಆಯಿತು. ಆ ವರ್ಷಗಳಲ್ಲಿ ತಾನು ತಿಂದ ಹೊಡೆತಗಳ ಬಗ್ಗೆ ಟೀನಾ ಆಮೇಲೆ ಬಹಿರಂಗವಾಗಿ ಹೇಳಿದರು. ಆ ನಡುವೆ 1966ರಲ್ಲಿ ‘ರಿವರ್ ಡೀಪ್ ಮೌಂಟನ್ ಹೈ’ ಅನ್ನೋ ಹಾಡು ಬಂತು. ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್ ಐಕ್‌ಗೆ ದುಡ್ಡು ಕೊಟ್ಟು ‘ನೀನು ಸ್ಟುಡಿಯೋಗೆ ಬರಬೇಡ’ ಅಂತ ದೂರ ಇಟ್ಟು, ಟೀನಾ ದನಿಯನ್ನ ಮಾತ್ರ ಬಳಸಿದ. ಆದರೂ ಲೇಬಲ್ ಮೇಲೆ ಇಬ್ಬರ ಹೆಸರೂ ಇತ್ತು. ಅಮೆರಿಕದಲ್ಲಿ ಅದು 88ನೇ ಸ್ಥಾನದಲ್ಲೇ ನಿಂತಿತು, ಬ್ರಿಟನ್‌ನಲ್ಲಿ 3ನೇ ಸ್ಥಾನಕ್ಕೇರಿತು. ಅಂದ್ರೆ ಅಮೆರಿಕ ಕಡೆಗಣಿಸಿದ್ದನ್ನ ಬ್ರಿಟನ್ ಮೆಚ್ಚಿತ್ತು. ವೇರ್ ತಲೆಮಾರಿನ ಮಕ್ಕಳು ಬೆಳೆದಿದ್ದು ಆ ಬ್ರಿಟನ್‌ನಲ್ಲಿ.

1976ರ ಜುಲೈ. ಡಲ್ಲಾಸ್ ಊರಿನ ಹೋಟೆಲ್ಲಿನಿಂದ ಟೀನಾ ರಾತ್ರೋರಾತ್ರಿ ಓಡಿಹೋದರು. ಹೆದ್ದಾರಿ ದಾಟಿ ಎದುರಿನ ಇನ್ನೊಂದು ಹೋಟೆಲ್ ಸೇರಿದರು. ಕೈಯಲ್ಲಿ ಇದ್ದಿದ್ದು 36 ಸೆಂಟ್ ಮತ್ತು ಒಂದು ಪೆಟ್ರೋಲ್ ಬಂಕ್ ಕಾರ್ಡ್. 1978ರಲ್ಲಿ ವಿಚ್ಛೇದನ ಪೂರ್ತಿಯಾಯಿತು. ಹಣದ ಜಗಳ ಎಳೆಯೋ ಬದಲು ಅವರು ಪಟ್ಟು ಹಿಡಿದಿದ್ದು ಮುಖ್ಯವಾಗಿ ಒಂದಕ್ಕೆ: ಟೀನಾ ಟರ್ನರ್ ಅನ್ನೋ ಹೆಸರನ್ನ ಬಳಸೋ ಹಕ್ಕು. ಅರ್ಧಕ್ಕೆ ನಿಂತ ಕಾರ್ಯಕ್ರಮಗಳ ಸಾಲವೂ ಅವರ ಪಾಲಿಗೆ ಬಂತು.

ಬ್ಯಾಲೆನ್ಸ್ ಶೀಟ್ ಥರ ನೋಡಿ. ಒಂದು ಕಡೆ ಸಾಲ. ಇನ್ನೊಂದು ಕಡೆ ಒಂದೇ ಒಂದು ಆಸ್ತಿ, ಹೆಸರು. ಆಗ ಯಾವ ಕಂಪನಿಯೂ ಆ ಹೆಸರಿಗೆ ಬೆಲೆ ಕಟ್ಟಲು ತಯಾರಿರಲಿಲ್ಲ. 1978ರಲ್ಲಿ ಒಂದು, 1979ರಲ್ಲಿ ಒಂದು ಸೋಲೋ ಆಲ್ಬಮ್ ಬಂದು ಮಕಾಡೆ ಮಲಗಿದವು. ಹೋಟೆಲ್ ಸಭಾಂಗಣ, ಲಾಸ್ ವೇಗಸ್‌ನ ಕ್ಯಾಬರೆ ಷೋಗಳಲ್ಲಿ ಹಾಡಿ ಸಾಲ ತೀರಿಸ್ತಾ ಇದ್ದರು. 42 ವರ್ಷ ವಯಸ್ಸು, ಕಪ್ಪು ವರ್ಣದ ಹೆಂಗಸು, ಗಂಡನ ಹೆಸರಿನ ಜೊತೆ ಅಂಟಿಕೊಂಡಿದ್ದ ಹಳೇ ಹಿಟ್‌ಗಳು. ಪಾಪ್ ಉದ್ಯಮದ ಭಾಷೆಯಲ್ಲಿ ಇದು ಮುಗಿದ ಲೆಕ್ಕ.

ಬ್ಯಾಂಡ್ ಎಲ್ಲಿ?

ವೇರ್ ಅಮೆರಿಕಕ್ಕೆ ಹೋಗಿ ಟೀನಾರನ್ನ ಭೇಟಿ ಮಾಡಿದರು. ಟೀನಾ ಒಪ್ಪಿಕೊಂಡರು. ಇವರ ಜೊತೆ ಹಾಡಲು ಸ್ಟುಡಿಯೋಗೆ ಬಂದಾಗ ಟೀನಾ ಸುತ್ತ ನೋಡಿ, ಬ್ಯಾಂಡ್ ಎಲ್ಲಿ ಅಂತ ಕೇಳಿದರಂತೆ. ವೇರ್ ತೋರಿಸಿದ್ದು ಯಂತ್ರದ ಕಡೆ. ಇದೂ ವೇರ್ ಅವರೇ ಹೇಳಿಕೊಂಡಿರೋ ಮಾತು. ಇಪ್ಪತ್ತು ವರ್ಷ ಹಿಂದೆ ತುತ್ತೂರಿ, ಗಿಟಾರ್, ಡ್ರಮ್ಸ್ ಇಟ್ಟುಕೊಂಡು ವೇದಿಕೆ ಅಲುಗಾಡಿಸಿದವರಿಗೆ ಆ ಖಾಲಿ ಕೋಣೆ ಎಷ್ಟು ವಿಚಿತ್ರ ಅನ್ನಿಸಿರಬೇಕು!

ಆ ಕಾಲದ ಯಂತ್ರದ ಬಗ್ಗೆ ಒಂದು ಮಾತು ಹೇಳಬೇಕು. 1980ರಲ್ಲಿ ಅಮೆರಿಕದ ರೋಜರ್ ಲಿನ್ ಎಲ್‌ಎಂ-1 ಅನ್ನೋ ಡ್ರಮ್ ಮಷೀನ್ ತಂದಿದ್ದರು. ನಿಜವಾದ ಡ್ರಮ್ಸ್ ಸದ್ದನ್ನ ಡಿಜಿಟಲ್ ಆಗಿ ಹಿಡಿದಿಟ್ಟ ಮೊದಲ ಡ್ರಮ್ ಮಷೀನ್ ಅದು, ಬೆಲೆ ಸುಮಾರು 5,000 ಡಾಲರ್. ಶೆಫೀಲ್ಡ್‌ನ ಎರಡೂ ಬಣಗಳು ಅದನ್ನ ಬಳಸಿದವು. ಅಂಥ ಯಂತ್ರಕ್ಕೆ ಸುಸ್ತಾಗಲ್ಲ, ಅದು ಉಸಿರೂ ಎಳೆಯಲ್ಲ. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವಿನ ದೂರ ಕೂದಲೆಳೆಯಷ್ಟೂ ಬದಲಾಗಲ್ಲ. ಸಾಧಾರಣ ದನಿಯನ್ನ ಅದರ ಮೇಲೆ ಇಟ್ಟರೆ ದನಿಯೂ ಯಂತ್ರದ ಥರವೇ ಕೇಳುತ್ತೆ. ಆದರೆ ಚರ್ಚಿನಲ್ಲಿ, ರಸ್ತೆಬದಿ ಕ್ಲಬ್ಬಿನಲ್ಲಿ ಪಳಗಿದ ದನಿ ಇಟ್ಟರೆ? ಅದು ತಾಳಕ್ಕಿಂತ ಸ್ವಲ್ಪ ಹಿಂದೆ ನಿಲ್ಲುತ್ತೆ, ಒಮ್ಮೆ ಮುಂದೆ ಜಿಗಿಯುತ್ತೆ, ಒಂದು ಅಕ್ಷರವನ್ನ ಸೀಳುತ್ತೆ. ಯಂತ್ರ ಅಲುಗಾಡದೇ ಇರೋದರಿಂದಲೇ ದನಿಯ ಪ್ರತಿಯೊಂದು ಅಲುಗಾಟವೂ ಕಾಣುತ್ತೆ. ಬಿಳಿ ಗೋಡೆ ಮುಂದೆ ನಿಂತವರ ನೆರಳು ಸ್ಪಷ್ಟವಾಗಿ ಕಾಣೋ ಹಾಗೆ.

ವೇರ್‌ಗೆ ಇದು ಗೊತ್ತಿತ್ತು ಅನ್ನೋದಕ್ಕೆ ಅವರು ಮುಂದೆ ಮಾಡಿದ ಕೆಲಸವೇ ಸಾಕ್ಷಿ. 1983ರಲ್ಲಿ ಹೆವೆನ್ ಸೆವೆಂಟೀನ್‌ನ ಅತಿ ದೊಡ್ಡ ಹಿಟ್ ‘ಟೆಂಪ್ಟೇಷನ್’ ಬಂತು. ಅದರ ಜೀವ ಇರೋದೇ ಅತಿಥಿಯಾಗಿ ಬಂದ ಕ್ಯಾರಲ್ ಕೆನ್ಯನ್ ದನಿಯಲ್ಲಿ.

ಅತಿಥಿಯ ಮನೆ

‘ಮ್ಯೂಸಿಕ್ ಆಫ್ ಕ್ವಾಲಿಟಿ ಅಂಡ್ ಡಿಸ್ಟಿಂಕ್ಷನ್’ 1982ರಲ್ಲಿ ಬಿಡುಗಡೆ ಆಯಿತು. ವಾಲ್ಯೂಮ್ ಒನ್ ಅಂತ ಹೆಸರಿಟ್ಟವರು ವಾಲ್ಯೂಮ್ ಟೂ ತರೋಕೆ ಒಂಬತ್ತು ವರ್ಷ ಆಯಿತು ಅನ್ನೋದರಲ್ಲೇ ಅದರ ವ್ಯಾಪಾರದ ಲೆಕ್ಕ ಗೊತ್ತಾಗುತ್ತೆ. ಆದರೆ ಆ ಹಾಡಿನಿಂದ ಒಂದು ಸಂಬಂಧ ಹುಟ್ಟಿತ್ತು.

1983ರಲ್ಲಿ ಟೀನಾಗೆ ಕ್ಯಾಪಿಟಲ್ ಕಂಪನಿಯ ಒಪ್ಪಂದ ಸಿಕ್ಕಿತು. ಅವರ ಹೊಸ ಮ್ಯಾನೇಜರ್, ಆಸ್ಟ್ರೇಲಿಯಾದ ರೋಜರ್ ಡೇವಿಸ್ ಹಿಡಿದ ಹಟ ಅದರಲ್ಲಿ ಇತ್ತು. ನ್ಯೂಯಾರ್ಕಿನಲ್ಲಿ ಡೇವಿಡ್ ಬೋವಿ ‘ನನ್ನ ಮೆಚ್ಚಿನ ಗಾಯಕಿ ಹಾಡ್ತಾರೆ, ಬನ್ನಿ’ ಅನ್ನೋ ಅರ್ಥದಲ್ಲಿ ಹೇಳಿ ರೆಕಾರ್ಡ್ ಕಂಪನಿಯ ದೊಡ್ಡವರನ್ನ ಟೀನಾ ಷೋಗೆ ಕರೆದೊಯ್ದದ್ದೂ ಕೆಲಸ ಮಾಡಿತು. ಒಪ್ಪಂದ ಆದ ಮೇಲೆ ಮೊದಲ ಸಿಂಗಲ್ ಯಾರ ಕೈಯಲ್ಲಿ ಮಾಡಿಸೋದು? ಮತ್ತೆ ಮಾರ್ಟಿನ್ ವೇರ್, ಜೊತೆಗೆ ಗ್ರೆಗ್ ವಾಲ್ಶ್. ಹಾಡು ಆಲ್ ಗ್ರೀನ್ ಹಾಡಿದ್ದ 70ರ ದಶಕದ ‘ಲೆಟ್ಸ್ ಸ್ಟೇ ಟುಗೆದರ್’. ಸೂತ್ರ ಅದೇ: ಹಳೇ ಸೋಲ್ ಹಾಡು, ಹೊಸ ಯಂತ್ರ, ಟೀನಾ ದನಿ. ಟೀನಾ ಅದನ್ನ ಒಂದೇ ಟೇಕ್‌ನಲ್ಲಿ ಹಾಡಿ ಮುಗಿಸಿದರು ಅಂತ ವೇರ್ ಹೇಳ್ತಾರೆ.

1983ರ ನವೆಂಬರ್‌ನಲ್ಲಿ ಬಂದ ಆ ಸಿಂಗಲ್ ಬ್ರಿಟನ್‌ನಲ್ಲಿ 6ನೇ ಸ್ಥಾನಕ್ಕೇರಿತು. ಆಮೇಲೆ ಅಮೆರಿಕದಲ್ಲೂ 26ಕ್ಕೆ ಬಂತು. ಕಂಪನಿಯವರು ದಡಬಡ ಎದ್ದರು: ಆಲ್ಬಮ್ ಬೇಕು, ಈಗಲೇ ಬೇಕು. ಹಲವು ಪ್ರೊಡ್ಯೂಸರ್‌ಗಳಿಗೆ ಹಾಡು ಹಂಚಿ, ಲಂಡನ್‌ನಲ್ಲಿ ಸುಮಾರು ಎರಡು ವಾರದಲ್ಲಿ ಹೆಚ್ಚಿನ ರೆಕಾರ್ಡಿಂಗ್ ಮುಗಿಸಿದರು. 1984ರ ಮೇ ತಿಂಗಳಲ್ಲಿ ‘ಪ್ರೈವೇಟ್ ಡಾನ್ಸರ್’ ಬಂತು. ಅದರಲ್ಲಿ ವೇರ್ ಪ್ರೊಡ್ಯೂಸ್ ಮಾಡಿದ್ದು ಎರಡೇ ಹಾಡು. ಉಳಿದವು ಬೇರೆಯವರದು. ಟೆರ್ರಿ ಬ್ರಿಟನ್ ಮತ್ತು ಗ್ರಹಾಂ ಲೈಲ್ ಬರೆದ ‘ವಾಟ್ಸ್ ಲವ್ ಗಾಟ್ ಟು ಡು ವಿತ್ ಇಟ್’ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಆಗ ಟೀನಾಗೆ 44. ಮುಂದಿನ ವರ್ಷ ಅದಕ್ಕೆ ವರ್ಷದ ರೆಕಾರ್ಡ್ ಅನ್ನೋ ಗ್ರ್ಯಾಮಿ. ಆಲ್ಬಮ್ ಅಮೆರಿಕ ಒಂದರಲ್ಲೇ 50 ಲಕ್ಷ ದಾಟಿತು.

ಈಗ ಗಮನಿಸಿ. ‘ಪ್ರೈವೇಟ್ ಡಾನ್ಸರ್’ ಕೂಡ ಹಲವರು ಸೇರಿ ಮಾಡಿದ ಆಲ್ಬಮ್ಮೇ. ಆದರೆ ಲೆಕ್ಕ ತಲೆಕೆಳಗಾಗಿದೆ. 1982ರಲ್ಲಿ ಪ್ರೊಡ್ಯೂಸರ್‌ಗಳು ಮನೆಯವರು, ಟೀನಾ ಅತಿಥಿ. 1984ರಲ್ಲಿ ಟೀನಾ ಮನೆಯವರು, ಪ್ರೊಡ್ಯೂಸರ್‌ಗಳು ಸಾಲಾಗಿ ಬಂದುಹೋದ ಅತಿಥಿಗಳು. ಐಕ್ ಇಟ್ಟ ಹೆಸರು, ವಿಚ್ಛೇದನದಲ್ಲಿ ಬಿಡದೇ ಹಿಡಿದುಕೊಂಡ ಹೆಸರು, ಈಗ ಮುಖಪುಟದ ಮೇಲೆ ಒಂಟಿಯಾಗಿ, ದೊಡ್ಡದಾಗಿ ನಿಂತಿತ್ತು.

ಹೆಸರು ಯಾಕೆ ಮುಖ್ಯ

ಹೆಸರು ಹಾಕಿದರೇನು, ಬಿಟ್ಟರೇನು, ದುಡ್ಡು ಬಂದರೆ ಸಾಲದಾ ಅಂತ ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಮುಂದಿನ ಕೆಲವು ವರ್ಷಗಳಲ್ಲೇ ಇದೆ. 1989ರಲ್ಲಿ ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡದ ‘ರೈಡ್ ಆನ್ ಟೈಮ್’ ಬ್ರಿಟನ್‌ನಲ್ಲಿ ಆರು ವಾರ ನಂಬರ್ ಒನ್ ಇತ್ತು. ಅದರಲ್ಲಿ ಗರ್ಜಿಸೋ ದನಿ ಲೊಲಿಯಾಟಾ ಹಾಲೋವೇ ಅವರದು, 1980ರ ಅವರ ಹಾಡಿನಿಂದ ಕತ್ತರಿಸಿ ಅಂಟಿಸಿದ್ದು. ವೇದಿಕೆ ಮೇಲೆ ತುಟಿ ಆಡಿಸ್ತಿದ್ದದ್ದು ಒಬ್ಬ ಮಾಡೆಲ್. 1990ರಲ್ಲಿ ಸಿ ಅಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿಯ ದೊಡ್ಡ ಹಿಟ್‌ನಲ್ಲಿ ಹಾಡಿದ್ದು ಮಾರ್ಥಾ ವಾಷ್, ವಿಡಿಯೋದಲ್ಲಿ ಕಂಡಿದ್ದು ಬೇರೆಯವರು. ಮಾರ್ಥಾ ಕೋರ್ಟ್ ಮೆಟ್ಟಿಲು ಹತ್ತಿದರು, ಕೊನೆಗೆ ರಾಜಿ ಆಯಿತು. ಹಾಡಿದವರ ಹೆಸರು ಹಾಕಲೇಬೇಕು ಅನ್ನೋ ಎಚ್ಚರ ಉದ್ಯಮದಲ್ಲಿ ಗಟ್ಟಿಯಾಗಿದ್ದು ಇಂಥ ಕೇಸುಗಳಿಂದ.

ಈ ಹಿನ್ನೆಲೆಯಲ್ಲಿ 1982ರ ಆಲ್ಬಮ್ ನೋಡಿ. ಹಾಡಿನ ಪಕ್ಕದಲ್ಲಿ ಟೀನಾ ಟರ್ನರ್ ಅನ್ನೋ ಹೆಸರು ಇಲ್ಲದೇ ಹೋಗಿದ್ದರೆ? ‘ಯಾವುದೋ ಎಲೆಕ್ಟ್ರಾನಿಕ್ ಆಲ್ಬಮ್‌ನಲ್ಲಿ ಯಾವುದೋ ಹೆಂಗಸಿನ ದನಿ’ ಅಂತ ಆಗ್ತಿತ್ತು ಅಷ್ಟೇ. ಹೆಸರು ಇದ್ದಿದ್ದರಿಂದ ಅದು ‘ಟೀನಾ ಇನ್ನೂ ಇದ್ದಾರೆ, ಹೊಸ ಸಂಗೀತದ ಜೊತೆಗೂ ಹಾಡಬಲ್ಲರು’ ಅನ್ನೋ ಸಂದೇಶ ಆಯಿತು. ಬೇರೆಯವರ ಹೆಸರನ್ನ ಇವರು ಅಷ್ಟು ಸ್ಪಷ್ಟವಾಗಿ ಹಾಕಿದ್ದಕ್ಕೆ, ತಮ್ಮ ಬ್ಯಾಂಡಿನ ಹೆಸರನ್ನ ಆಗಷ್ಟೇ ಕಳೆದುಕೊಂಡಿದ್ದೂ ಒಂದು ಕಾರಣ ಇರಬಹುದಾ? ಇದು ನನ್ನ ಊಹೆ. ಆದರೆ ಹೆಸರಿನ ಬೆಲೆ ಏನು ಅಂತ 1 ಪರ್ಸೆಂಟ್ ಲೆಕ್ಕದಲ್ಲಿ ಕಲಿತವರು ಅವರು.

ಲೆಕ್ಕಪತ್ರದ ಪ್ರಕಾರ ‘ಮ್ಯೂಸಿಕ್ ಆಫ್ ಕ್ವಾಲಿಟಿ ಅಂಡ್ ಡಿಸ್ಟಿಂಕ್ಷನ್’ ಸಾಧಾರಣ ವ್ಯಾಪಾರ. ಅದರ ನಿಜವಾದ ಲಾಭ ಬರೆದಿರೋದು ಬೇರೆಯವರ ಪುಸ್ತಕದಲ್ಲಿ. ಒಂದು ಕೆಲಸ ಗೆದ್ದಿತಾ, ಸೋತಿತಾ ಅಂತ ಅದರದೇ ಖಾತೆ ನೋಡಿ ತೀರ್ಪು ಕೊಡೋ ಅಭ್ಯಾಸ ನಮಗೆಲ್ಲಾ ಇದೆ. ವ್ಯೂಸ್ ಎಷ್ಟು, ಸ್ಟ್ರೀಮ್ಸ್ ಎಷ್ಟು ಅಂತ. ನನ್ನ ಥರ ಸಣ್ಣದಾಗಿ ಪಾಡ್‌ಕಾಸ್ಟ್ ಮಾಡೋರಿಗಂತೂ ದಿನಾ ಬೆಳಗ್ಗೆ ಆ ನಂಬರ್ ನೋಡೋದೇ ಚಟ. ಯಾರನ್ನ ಕರೆದು ಕೂರಿಸಿದಿರಿ, ಅವರು ಆಮೇಲೆ ಎಲ್ಲಿಗೆ ಹೋದರು ಅನ್ನೋ ಕಾಲಂ ಆ ಡ್ಯಾಶ್‌ಬೋರ್ಡ್‌ನಲ್ಲಿ ಇರಲ್ಲ.

1991ರಲ್ಲಿ ವಾಲ್ಯೂಮ್ ಟೂ ಬಂದಾಗ ಅದರಲ್ಲಿ ಚಾಕಾ ಖಾನ್, ಮೇವಿಸ್ ಸ್ಟೇಪಲ್ಸ್, ಬಿಲ್ಲಿ ಪ್ರೆಸ್ಟನ್ ಹಾಡಿದರು. ಟೀನಾ ಟರ್ನರ್ ಕೂಡ ಹಾಡಿದರು. ಆಗ ಅವರು ಬೇಕಾದರೆ ಇಡೀ ಕ್ರೀಡಾಂಗಣ ತುಂಬಿಸಬಲ್ಲ ತಾರೆ. 1988ರಲ್ಲಿ ಬ್ರೆಜಿಲ್‌ನ ಮರಕಾನಾ ಕ್ರೀಡಾಂಗಣದಲ್ಲಿ 1,80,000 ಜನರ ಮುಂದೆ ಹಾಡಿ ಬಂದಿದ್ದರು. ಆದರೂ ಯಾರೂ ಕರೆಯದಿದ್ದಾಗ ಕರೆದ ಮನೆಗೆ ಮತ್ತೆ ಅತಿಥಿಯಾಗಿ ಬಂದರು. ಈ ಸಲ ಬೇರೆಯವರು ಬರಲಿಲ್ಲ ಅಂತ ಅಲ್ಲ.

2023ರ ಮೇ 24ರಂದು ಸ್ವಿಟ್ಜರ್ಲೆಂಡಿನ ತಮ್ಮ ಮನೆಯಲ್ಲಿ ಟೀನಾ ತೀರಿಕೊಂಡಾಗ ಅವರಿಗೆ 83 ವರ್ಷ.

ಇವತ್ತು ಕೇಳೋಕೆ ಮೂರು ಹಾಡು ಹೇಳಿ ಮುಗಿಸ್ತೀನಿ, ಇದೇ ಕ್ರಮದಲ್ಲಿ ಕೇಳಿ. ಮೊದಲು ಟೆಂಪ್ಟೇಷನ್ಸ್ ಹಾಡಿದ ‘ಬಾಲ್ ಆಫ್ ಕನ್‌ಫ್ಯೂಷನ್’. ಆಮೇಲೆ ಅದೇ ಹಾಡು ಬಿಇಎಫ್ ಮತ್ತು ಟೀನಾ ಅವರದು. ಕೊನೆಗೆ ಟೀನಾರ ‘ಲೆಟ್ಸ್ ಸ್ಟೇ ಟುಗೆದರ್’. ಮೂರನೆಯದಕ್ಕೆ ಇಯರ್‌ಫೋನ್ ಹಾಕ್ಕೊಳ್ಳಿ. ಶುರುವಿನಲ್ಲಿ ತಾಳ ಬರೋದಕ್ಕೆ ಮುಂಚೆ ದನಿ ಹೇಗೆ ನಿಲ್ಲುತ್ತೆ ನೋಡಿ. ಕೇಳಿ ನಿಮಗೇನು ಅನ್ನಿಸಿತು ಅಂತ ಬರೆದು ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.